ಹಿಂದಿನ ಕೋಣೆಯ ಗೋಡೆ

ದೇಹೂ ರೋಡ್, ಪುಣೆ
೧೪ ಏಪ್ರಿಲ್ ೧೯೭೯

ಕಾಶಪ್ಪ ಗೌಂಡಿಯವರಿಗೆ ಇಂದೂ ಮಾಡುವ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ಊರು ಮುಟ್ಟಿದ ಮೇಲೆ ಒಂದು ಕಾರ್ಡು ಹಾಕುತ್ತೇನೆಂದಿದ್ದಿರಿ, ಬರಲಿಲ್ಲ. ಸೇಡಂಗೆ ಹೋದೊಡನೆ ಕೆಲಸ ಹತ್ತಿರಬೇಕು ಎಂದುಕೊಂಡೆ.

ಹೋದ ವರ್ಷ ನೀವು ಕಟ್ಟಿದ ಮನೆಯಲ್ಲಿ ದೀಪಾವಳಿಯಿಂದ ವಾಸವಾಗಿದ್ದೇವೆ. ಗಾಳಿ ಬೆಳಕು ಚೆನ್ನಾಗಿದೆ ಎಂದು ಬಂದವರೆಲ್ಲ ಹೇಳುತ್ತಾರೆ. ಬೇಸರವಾಗುವ ಒಂದು ಸಂಗತಿ ಬರೆಯಬೇಕಾಗಿದೆ. ಹಿಂದಿನ ಕೋಣೆಯ ಗೋಡೆಯಲ್ಲಿ, ಕಿಟಕಿಯ ಕೆಳಮೂಲೆಯಿಂದ ನೆಲದವರೆಗೆ, ಮೆಟ್ಟಿಲು ಇಳಿದ ಹಾಗೆ ಒಂದು ಬಿರುಕು ಬಂದಿದೆ. ಹೋಳಿಯ ಹೊತ್ತಿಗೆ ಕೂದಲೆಳೆಯಷ್ಟಿತ್ತು. ಈಗ ನಾಣ್ಯ ತೂರಿಸಿದರೆ ನಿಲ್ಲುತ್ತದೆ. ನಮ್ಮ ಯಜಮಾನರು ಖಡಕಿಯ ಆಫೀಸಿನಿಂದ ಬಂದೊಡನೆ ಮೊದಲು ಅದನ್ನೇ ಹೋಗಿ ನೋಡುತ್ತಾರೆ. ಅತ್ತೆಯವರು ಅಂತೂ ದಿನಕ್ಕೊಮ್ಮೆ ನನ್ನ ಮುಖ ನೋಡುತ್ತಾರೆ. ಇಲ್ಲಿಯ ಗುತ್ತಿಗೆದಾರ ಬೇಡ, ನಮ್ಮ ಭಾಷೆಯವರಿಗೇ ಕೊಡೋಣ ಎಂದು ಹಟ ಹಿಡಿದವಳು ನಾನು ತಾನೆ.

ಹೊಸ ಗೋಡೆ ಒಣಗುವಾಗ ಹೀಗಾಗುವುದುಂಟೆ? ನೀವೇ ಒಮ್ಮೆ ಬಂದು ನೋಡಿದರೆ ಎಲ್ಲರಿಗೂ ಸಮಾಧಾನ.

ಇಂದೂ


ಸೇಡಂ, ಜಿಲ್ಲಾ ಗುಲಬರ್ಗಾ
೨ ಮೇ ೧೯೭೯

ಇಂದೂ ಅಕ್ಕೋರಿಗೆ ಕಾಶಪ್ಪ ಮಾಡುವ ಶರಣಾರ್ಥಿಗಳು.

ಇದನ್ನು ಬರೆಯುತ್ತಿರುವವಳು ಅವರ ಮಗಳು ಚಂದಮ್ಮ. ಅಪ್ಪನಿಗೆ ಸಹಿ ಬರುತ್ತದೆ, ಪತ್ರ ಬರುವುದಿಲ್ಲ. ಅವರು ಹೇಳಿದ್ದನ್ನು ಶಾಲೆಯ ಕನ್ನಡಕ್ಕೆ ತಂದು ಬರೆಯುತ್ತೇನೆ. ಇನ್ನು ಮುಂದಿನದು ಅಪ್ಪನ ಮಾತು.

ನಿಮ್ಮ ಪತ್ರ ಕೇಳಿ ಊಟ ಸೇರಲಿಲ್ಲ. ಗೋಡೆ ಒಣಗುವಾಗ ಮೇಲೆ ಬಳಿದ ಗಿಲಾವಿನಲ್ಲಿ ಜೇಡರ ಬಲೆಯಂಥ ಗೆರೆ ಬೀಳುತ್ತದೆ, ಮೆಟ್ಟಿಲಿನಂತೆ ಇಳಿಯುವುದಿಲ್ಲ. ಆ ಮೂಲೆಯಲ್ಲಿ ಪಾಯ ತೆಗೆದದ್ದು ಹೋದ ಮೇ ತಿಂಗಳಲ್ಲಿ. ನೆಲ ಕಲ್ಲಿನಂತಿತ್ತು. ಗುದ್ದಲಿ ಹಾಕಿದರೆ ಠಣ್ಣೆಂದು ಪುಟಿಯುತ್ತಿತ್ತು. ನಿಮ್ಮ ಯಜಮಾನರು ಮಾರ್ತಾಂಡ ಸಾಹೇಬರೂ ಪಕ್ಕದಲ್ಲೇ ನಿಂತು ಕೇಳಿದ್ದಾರೆ. ಇಷ್ಟು ಗಟ್ಟಿ ನೆಲ ಸಿಕ್ಕಮೇಲೆ ಇನ್ನೂ ಯಾಕೆ ಕೆಳಗೆ ಹೋಗಬೇಕೆಂದು ಇಬ್ಬರೂ ಅಂದುಕೊಂಡೆವು. ಸಿಮೆಂಟು ಮರಳು ನೀವು ಕಣ್ಣಾರೆ ನೋಡಿದ್ದೀರಿ.

ಒಂದು ಕೆಲಸ ಮಾಡಿರಿ. ಬಿರುಕಿನ ಮೇಲೆ ಅಡ್ಡಲಾಗಿ ತೆಳು ಕಾಗದದ ಪಟ್ಟಿ ಅಂಟಿಸಿರಿ. ಕಾಗದ ಹರಿಯದಿದ್ದರೆ ಬಿರುಕು ಸತ್ತಿದೆ, ಚಿಂತೆ ಇಲ್ಲ. ಹರಿದರೆ ತಿಳಿಸಿರಿ. ನಾನು ವಾಡಿಯ ಕಡೆ ಒಂದು ಕೆಲಸ ಹಿಡಿದಿದ್ದೇನೆ, ಅದು ಮುಗಿದೊಡನೆ ಬರುತ್ತೇನೆ. ನಿಮ್ಮ ಪಕ್ಕದ ಜಾಗದ ಶಂಕ್ರೆಪ್ಪನವರ ಮನೆಯನ್ನೂ ಮಳೆ ಮುಗಿದ ಮೇಲೆ ಶುರು ಮಾಡುವುದಿದೆಯಲ್ಲ.

ಕಾಶಪ್ಪ


ದೇಹೂ ರೋಡ್
೩೦ ಮೇ ೧೯೭೯

ಕಾಶಪ್ಪನವರಿಗೆ,

ಕಾಗದ ಹರಿಯಿತು. ಮತ್ತೊಂದು ಅಂಟಿಸಿದೆ, ಅದೂ ಹರಿಯಿತು. ಈಗ ನನ್ನ ಕಿರುಬೆರಳು ಒಳಗೆ ಹೋಗುತ್ತದೆ.

ಯಜಮಾನರ ಸ್ನೇಹಿತರೊಬ್ಬರು ಬಂದು ನೋಡಿ ಸಿಮೆಂಟು ಕಡಿಮೆ, ಮರಳು ಹೆಚ್ಚು ಎಂದು ಹೇಳಿ ಹೋದರು. ನಾನು ಒಪ್ಪಲಿಲ್ಲ. ಆದರೆ ಒಪ್ಪದಿರುವುದಕ್ಕೆ ನನ್ನಲ್ಲಿ ಕಾರಣವೂ ಇಲ್ಲ. ರಾತ್ರಿ ಊಟಕ್ಕೆ ಕೂತಾಗ ಅತ್ತೆಯವರು, "ಭಾಷಾ ಒಂದೇ ಆದ್ರ ಮನಿ ನಿಲ್ಲತದೇನು?" ಎಂದರು.

ವಾಡಿಯ ಕೆಲಸ ಯಾವಾಗ ಮುಗಿಯುತ್ತದೆ? ಮಳೆ ಬಂದರೆ ಆ ಸಂದಿಯಲ್ಲಿ ನೀರು ಇಳಿದು ಗೋಡೆಯೇ ಕುಸಿದೀತೆಂದು ಭಯವಾಗಿದೆ. ದಯವಿಟ್ಟು ಬೇಗ ಬನ್ನಿ.

ಇಂದೂ


ಸೇಡಂ
೨ ಸಪ್ಟೆಂಬರ್ ೧೯೭೯

ಅಕ್ಕೋರಿಗೆ,

ಬಂದಿದ್ದೆ. ನೀವು ಬೆಳಗಾವಿಗೆ, ನಿಮ್ಮ ತಂದೆಯವರಿಗೆ ಆರಾಮ ಇಲ್ಲವೆಂದು ಮಳೆ ಹಿಡಿಯುವ ಮೊದಲೇ ಹೋಗಿದ್ದಿರಂತೆ. ಸಾಹೇಬರು ಆಫೀಸಿನಲ್ಲಿದ್ದರು. ನಿಮ್ಮ ಅತ್ತೆ ಸಾವಿತ್ರಿಬಾಯಿಯವರು ಚಹಾ ಕೊಟ್ಟು ಹಿಂದಿನ ಕೋಣೆ ತೋರಿಸಿದರು.

ಗೋಡೆಯಲ್ಲಿ ಬಿರುಕು ಇರಲಿಲ್ಲ. ಕಿರುಬೆರಳು ಹೋಗುತ್ತದೆಂದು ಬರೆದಿದ್ದಿರಿ. ಉಗುರು ಎಳೆದು ನೋಡಿದೆ, ಉಗುರೂ ಸಿಕ್ಕಿಕೊಳ್ಳಲಿಲ್ಲ. ಸುಣ್ಣದ ಮೇಲೆ ಒಂದು ಗೆರೆ ಇತ್ತು, ಪೆನ್ಸಿಲಿನಿಂದ ಎಳೆದ ಹಾಗೆ. ಅವರನ್ನು ಕೇಳಿದರೆ, "ಇತ್ತು, ಈಗ ಇಲ್ಲ," ಎಂದರು. ನಿಮ್ಮ ಮಾತು ಉಳಿಸಲು ಹಾಗೆ ಅಂದರೆಂದುಕೊಂಡೆ. ಹಿತ್ತಲ ಬಾಗಿಲು ಮುಚ್ಚುತ್ತಿರಲಿಲ್ಲ. ಮಳೆಗೆ ಕಟ್ಟಿಗೆ ಉಬ್ಬಿದೆ ಎಂದು ಚೀಲದಲ್ಲಿದ್ದ ರಂದಾದಿಂದ ಅಂಚು ಹೆರೆದು ಸರಿ ಮಾಡಿ ಬಂದೆ.

ಹೊರಗೆ ಬಂದರೆ ಶಂಕ್ರೆಪ್ಪನವರ ಜಾಗದಲ್ಲಿ ಬೇರೆಯವರ ಇಟ್ಟಿಗೆ ಬಿದ್ದಿತ್ತು. ನಗರದ ಯಾರೋ ಗುತ್ತಿಗೆದಾರನಿಗೆ ಕೊಟ್ಟಿದ್ದಾರಂತೆ. ನನ್ನ ಕಂಡು ಶಂಕ್ರೆಪ್ಪನವರು ಒಳಗೆ ಹೋದರು.

ಅಕ್ಕೋರೆ, ಇಲ್ಲದ್ದನ್ನು ಯಾಕೆ ಬರೆದಿರಿ? ನನ್ನ ಮೇಲೆ ಸಿಟ್ಟಿದ್ದರೆ ಎದುರಿಗೇ ಹೇಳಬಹುದಿತ್ತು.

ಕಾಶಪ್ಪ


ದೇಹೂ ರೋಡ್
೨೧ ಸಪ್ಟೆಂಬರ್ ೧೯೭೯

ಕಾಶಪ್ಪನವರಿಗೆ,

ನಿಮ್ಮ ಪತ್ರ ಓದಿ ನಾನು ಗೋಡೆಯ ಮುಂದೆ ಹೋಗಿ ನಿಂತೆ. ಬಿರುಕು ಇಲ್ಲ ಎಂಬುದು ನಿಜ. ಬೇಸಿಗೆಯಲ್ಲಿ ಇತ್ತು ಎಂಬುದೂ ನಿಜ. ಹರಿದ ಕಾಗದದ ತುಂಡುಗಳನ್ನು ಕಿತ್ತು ನಾನು ಇನ್ನೂ ಇಟ್ಟುಕೊಂಡಿದ್ದೇನೆ.

ನನಗೆ ತೋಚುವುದು ಒಂದೇ. ನೀವು ಬಂದು ಬಹಳ ಹೊತ್ತು ಆ ಕೋಣೆಯಲ್ಲಿದ್ದಿರಂತೆ, ನಿಮ್ಮ ಕೈಚೀಲದಲ್ಲಿ ಸಾಮಾನಿತ್ತಂತೆ. ಅತ್ತೆಯವರು ಅಡುಗೆಮನೆಯಲ್ಲಿದ್ದರು. ಬಿರುಕಿಗೆ ನೀವೇ ಸಿಮೆಂಟು ತುಂಬಿ ಸುಣ್ಣ ಬಳಿದು ಹೋದಿರಾ? ಮಾಡಿದ್ದರೆ ತಪ್ಪಲ್ಲ. ಆದರೆ ತುಂಬಿ ಹೋಗಿ, ಬಿರುಕೇ ಇರಲಿಲ್ಲ ಎಂದು ಬರೆಯುವುದು ಯಾವ ನ್ಯಾಯ? ನಾನು ಈ ಮನೆಯಲ್ಲಿ ನಿಮ್ಮ ಪರವಾಗಿ ಒಬ್ಬಳೇ ಮಾತಾಡಿದವಳು.

ಇಂದೂ


ಸೇಡಂ
೨೦ ಅಕ್ಟೋಬರ್ ೧೯೭೯

ಇಂದೂ ಅಕ್ಕೋರಿಗೆ ಚಂದಮ್ಮ ಮಾಡುವ ನಮಸ್ಕಾರ.

ಈ ಪತ್ರ ಬರೆಯುವುದು ಅಪ್ಪನಿಗೆ ಗೊತ್ತಿಲ್ಲ. ನಿಮ್ಮದನ್ನು ಅವರಿಗೆ ಓದಿ ಹೇಳಿದೆ. "ಇನ್ನ ಆ ಊರಿಗೆ ಕಾಗದ ಬ್ಯಾಡವ್ವಾ," ಎಂದರು.

ಚೀಲದಲ್ಲಿ ಸಿಮೆಂಟು ಇರಲಿಲ್ಲ ಅಕ್ಕೋರೆ. ಚೀಲ ತುಂಬಿದವಳು ನಾನು. ಕರಣಿ, ತೂಗುಗುಂಡು, ರಂದಾ, ಮತ್ತು ರೊಟ್ಟಿಗೆ ನಂಚಿಕೊಳ್ಳಲಿ ಎಂದು ನಿಮಗಾಗಿ ಅವ್ವ ಕೊಟ್ಟ ಶೇಂಗಾ ಹಿಂಡಿ. ಹಿಂಡಿಯನ್ನು ಅಪ್ಪ ಹಾಗೇ ವಾಪಸು ತಂದರು.

ಪುಣೆಯಿಂದ ಬಂದ ನಮ್ಮೂರ ಕೂಲಿಯವರು, ಕಾಶಪ್ಪ ಕಟ್ಟಿದ ಗೋಡೆ ಸೀಳಿತು ಎಂದು ಇಲ್ಲೆಲ್ಲ ಹೇಳಿದ್ದಾರೆ. ಅಪ್ಪನ ಕೈಕೆಳಗಿದ್ದವರು ಬೇರೆ ಗೌಂಡಿಯ ಹಿಂದೆ ಹೋದರು. ಅಪ್ಪ ಈಗ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯಲ್ಲಿ ಕಲ್ಲು ಎಬ್ಬಿಸಲು ಹೋಗುತ್ತಾರೆ. ನಾನು ಯಾರನ್ನು ನಂಬಲಿ ತಿಳಿಯುವುದಿಲ್ಲ. ನೀವು ಸುಳ್ಳು ಬರೆಯುವವರಂತೆ ಕಾಣುವುದಿಲ್ಲ. ಅಪ್ಪ ಸುಳ್ಳು ಹೇಳುವವರಲ್ಲ.

ಚಂದಮ್ಮ


ದೇಹೂ ರೋಡ್
೧೦ ಮೇ ೧೯೮೦

ಕಾಶಪ್ಪನವರಿಗೆ,

ನೀವು ಉತ್ತರ ಬರೆಯುವುದಿಲ್ಲವೆಂದು ಗೊತ್ತು. ಆದರೂ ಇದನ್ನು ನಿಮಗಲ್ಲದೆ ಬೇರೆ ಯಾರಿಗೆ ಬರೆಯಲಿ?

ಬಿರುಕು ಮತ್ತೆ ಬಿಟ್ಟಿದೆ. ಅದೇ ಜಾಗ, ಅದೇ ಮೆಟ್ಟಿಲು, ಈ ಸಲ ಇನ್ನೂ ಅಗಲ. ಒಳಗೆ ದೀಪ ಹಿಡಿದು ನೋಡಿದೆ, ಮೊಳೆಯಿಂದ ಕೆದಕಿದೆ. ತುಂಬಿದ ಸಿಮೆಂಟಿನ ಗುರುತು ಇಲ್ಲ, ಬರೀ ಇಟ್ಟಿಗೆಯ ಪುಡಿ. ಅಂದರೆ ನೀವು ತುಂಬಿರಲಿಲ್ಲ. ಹಾಗಾದರೆ ಹೋದ ಮಳೆಗಾಲದಲ್ಲಿ ಅದು ಎಲ್ಲಿ ಹೋಗಿತ್ತು? ನೀವು ಹೆರೆದ ಬಾಗಿಲಿನ ಅಂಚಿನಲ್ಲಿ ಈಗ ಸಂದಿ ಬಿದ್ದಿದೆ, ಅದರಿಂದ ಹಲ್ಲಿ ಬರುತ್ತದೆ.

ಅತ್ತೆಯವರು ಭೋರ್‌ನಿಂದ ವಾಸ್ತು ನೋಡುವ ಯಾರನ್ನೋ ಕರೆಸಿದರು. ಜಾಗದ ದೋಷ, ಹಿಂದಿನ ಗೋಡೆಯನ್ನೇ ಕೆಡವಬೇಕು ಎಂದು ಹೇಳಿ ಹೋದ. ಯಜಮಾನರು ಮನೆ ಮಾರುವ ಮಾತಾಡುತ್ತಾರೆ. ಬಿರುಕಿನ ಮನೆಯನ್ನು ಹೇಳಿ ಮಾರುವುದೋ ಹೇಳದೆ ಮಾರುವುದೋ ಎಂದು ಕೇಳಿದೆ. ಅಂದಿನಿಂದ ಮನೆಯ ವಿಷಯ ನನ್ನೊಡನೆ ಎತ್ತಿಲ್ಲ.

ಯಾರ ಮೇಲೆ ಸಿಟ್ಟಾಗಬೇಕೋ ಗೊತ್ತಾಗುತ್ತಿಲ್ಲ.

ಇಂದೂ


ದೇಹೂ ರೋಡ್
೧೮ ಆಗಸ್ಟ್ ೧೯೮೦

ಕಾಶಪ್ಪನವರಿಗೆ,

ಮತ್ತೆ ಕೂಡಿದೆ. ಯಾರೂ ಮುಟ್ಟಿಲ್ಲ. ಮಳೆ ಹಿಡಿದ ಮೇಲೆ ದಿನಾ ನಾನೇ ನೋಡುತ್ತ ಬಂದೆ. ಬೆರಳಿನಷ್ಟಿದ್ದದ್ದು ನಾಣ್ಯದಷ್ಟಾಯಿತು, ಆಮೇಲೆ ಗೆರೆಯಾಯಿತು. ನೀರು ಇಳಿದು ಕುಸಿಯುತ್ತದೆ ಎಂದು ಹೆದರಿದ್ದ ಗೋಡೆ ನೀರಿಗೇ ಕೂಡಿಕೊಂಡಿತು.

ಇದನ್ನು ಕಂಡು ಹೆದರಿ ಯಜಮಾನರು ಈಗ ಮುಂದಿನ ಕೋಣೆಯಲ್ಲೇ ಮಲಗುತ್ತಾರೆ. ನಾನೂ.

ನೀವು ಬಂದಾಗ ಕಂಡದ್ದನ್ನೇ ಬರೆದಿದ್ದಿರಿ. ಅಷ್ಟು ಹೇಳಲು ಈ ಪತ್ರ.

ಇಂದೂ


ಸೇಡಂ
೯ ಸಪ್ಟೆಂಬರ್ ೧೯೮೦

ಅಕ್ಕೋರಿಗೆ ಚಂದಮ್ಮನ ನಮಸ್ಕಾರ.

ನಿಮ್ಮ ಪತ್ರಗಳನ್ನು ಓದಬೇಡ ಎಂದು ಅಪ್ಪ ಹೇಳಿದ್ದರು. ಈ ಸಲ ಅವರು ಊಟಕ್ಕೆ ಕೂತಾಗ ಕೇಳಿಸುವಂತೆ ಓದಿದೆ. ತಾನಾಗಿ ಕೂಡಿತು ಎಂಬಲ್ಲಿ ಕೈಯಲ್ಲಿದ್ದ ತುತ್ತು ತಾಟಿಗೆ ಇಳಿಸಿ, "ಇನ್ನೊಮ್ಮೆ ಓದು," ಎಂದರು.

ಅವರಿಗೂ ತಿಳಿಯುತ್ತಿಲ್ಲ. ಹತ್ತಿರದಲ್ಲೇ ರೈಲು ಹೋಗುತ್ತದಲ್ಲ, ಅದರ ಅದುರಿಗೆ ಹೀಗಾಗುತ್ತಿರಬಹುದೇ ಎಂದು ಕೇಳುತ್ತಾರೆ. ಆಮೇಲೆ ತಾವೇ, ರೈಲು ಮಳೆಗಾಲದಲ್ಲೂ ಓಡುತ್ತದೆ ಎನ್ನುತ್ತಾರೆ. ಆ ಮೂಲೆಯ ಕೆಳಗೆ ಯಾವುದೋ ಕಾಲದ ಹಾಳು ಬಾವಿ ಇರಬಹುದೇ ಎಂದು ಕೇಳುತ್ತಾರೆ. ಬಾವಿಯಾದರೆ ಗೋಡೆ ಇಳಿಯಬೇಕು, ತಿರುಗಿ ಏಳುವುದು ಹೇಗೆ ಎಂದು ತಾವೇ ಅದನ್ನೂ ಬಿಡುತ್ತಾರೆ. ಹೋಗಿ ನೋಡುತ್ತೀರಾ ಎಂದು ಕೇಳಿದೆ. ಕೈ ತೊಳೆಯಲು ಎದ್ದು ಹೋದರು.

ಚಂದಮ್ಮ


ದೇಹೂ ರೋಡ್
೨೯ ಮಾರ್ಚ್ ೧೯೮೧

ಕಾಶಪ್ಪನವರಿಗೆ ನಮಸ್ಕಾರಗಳು.

ಇದನ್ನು ನಿಧಾನವಾಗಿ ಓದಿಸಿಕೊಳ್ಳಿ.

ನಾನು ಶಾಲೆಯಲ್ಲಿ ಕನ್ನಡ ಕಲಿಸುವವಳು. ಭೂಗೋಳದ ಸುಲಭಾಬಾಯಿ ಹೆರಿಗೆಗೆ ಹೋದದ್ದರಿಂದ ಈ ತಿಂಗಳು ಅವರ ತರಗತಿ ನನಗೆ ಬಂತು. ಮಣ್ಣುಗಳ ಪಾಠ. ದಖ್ಖನದ ಕಪ್ಪು ಮಣ್ಣು, ಭೂಮಿಯೊಳಗಿಂದ ಹರಿದು ಬಂದ ಬೆಂಕಿಯ ದ್ರವ ಕಲ್ಲಾಗಿ, ಆ ಕಲ್ಲು ಬಿಸಿಲು ಮಳೆಗೆ ಲಕ್ಷಾಂತರ ವರ್ಷ ಸವೆದು ಆದದ್ದು ಎಂದು ಹಲಗೆಯ ಮೇಲೆ ಬರೆದೆ. ಮುಂದಿನ ಸಾಲು: ಈ ಮಣ್ಣು ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗಿ ಆಳವಾಗಿ ಬಿರಿಯುತ್ತದೆ. ಬರೆಯುತ್ತ ಅಲ್ಲೇ ನಿಂತುಬಿಟ್ಟೆ. ಮಕ್ಕಳು ನಗತೊಡಗಿದ ಮೇಲೆ ಎಚ್ಚರವಾಯಿತು.

ನಾನು ಬೆಳಗಾವಿಯ ಕೆಂಪು ಮಣ್ಣಿನಲ್ಲಿ ಬೆಳೆದವಳು. ಸ್ಟೇಷನ್ನಿನಿಂದ ಬರುವಾಗ ಬಯಲಿನಲ್ಲಿ ಬಾಯಿ ಬಿಟ್ಟ ನೆಲವನ್ನು ದಾಟಿಕೊಂಡೇ ಬರುತ್ತೇನೆ, ಬೇಸಿಗೆಯಲ್ಲಿ ಎಲ್ಲ ನೆಲವೂ ಹಾಗೇ ಎಂದುಕೊಂಡಿದ್ದೆ. ಅಂದು ಬಂದವಳೇ ಹಿತ್ತಲಲ್ಲಿ ನೀವು ಬಿಟ್ಟುಹೋದ ಇಟ್ಟಿಗೆ ಚೂರುಗಳನ್ನು ಸರಿಸಿದೆ. ಕೆಳಗಿನ ನೆಲ ಬಿರಿಯತೊಡಗಿದೆ. ಒಂದು ಬಿರುಕು ನೇರ ಗೋಡೆಯ ಕೆಳಗೆ ಹೋಗಿದೆ.

ಇದೇ ಕಾರಣವೇ? ನನಗೆ ಖಾತ್ರಿ ಇಲ್ಲ. ಮನೆಯಷ್ಟು ಭಾರವನ್ನು ಮಣ್ಣು ಎತ್ತುತ್ತದೆಯೇ ಎಂದು ಯಜಮಾನರೂ ಕೇಳಿದರು. ಆದರೆ ಇನ್ನೊಂದು ಸಂಗತಿ ಇದೆ. ಶಂಕ್ರೆಪ್ಪನವರ ಹೊಸ ಮನೆಯೂ ಸೀಳಿದೆ. ನಗರದ ಗುತ್ತಿಗೆದಾರ, ಸಿಮೆಂಟು ಧಾರಾಳ, ಆದರೂ ಮೂಲೆಯಿಂದ ಮೆಟ್ಟಿಲು. ಅವರು ಹೇಳಿಕೊಂಡಿಲ್ಲ. ಅವರ ಹೆಂಡತಿ ನನ್ನನ್ನು ಕರೆದು ತೋರಿಸಿದರು. ಸಂಜೆ ಎಲ್ಲರ ಎದುರು ನಾನೇ ಶಂಕ್ರೆಪ್ಪನವರಿಗೆ, ಕಾಶಪ್ಪನವರ ಕೆಲಸದಲ್ಲಿ ಮೋಸ ಇರಲಿಲ್ಲ ಎಂದು ಹೇಳಿದೆ. ಯಜಮಾನರೂ ಅಲ್ಲಿದ್ದರು, ಅಡ್ಡಿ ಮಾಡಲಿಲ್ಲ.

ಈ ಸಲ ಬಿರುಕು ಇರುವಾಗಲೇ ಬನ್ನಿ. ಮೇ ತಿಂಗಳಲ್ಲಿ.

ಇಂದೂ


ಸೇಡಂ
೨೦ ಏಪ್ರಿಲ್ ೧೯೮೧

ಅಕ್ಕೋರಿಗೆ,

ಅಪ್ಪ ನಂಬಲಿಲ್ಲ. "ಎರಿ ಬಿರಿಯೋದು ಕೂಸಿಗೂ ಗೊತ್ತದ. ಆದ್ರ ಮನಿ ಎತ್ತತದಂದ್ರ?" ಎಂದರು. ನಮ್ಮೂರಿನಲ್ಲಿ ಮನೆಗಳು ಫರಸಿ ಬಂಡೆಯ ಮೇಲಿವೆ, ಹೊಲಗಳು ಎರೆಯಲ್ಲಿ, ಅಂದರೆ ನೀವು ಬರೆದ ಕಪ್ಪು ಮಣ್ಣಿನಲ್ಲಿವೆ. ಎರೆಯಲ್ಲಿ ಯಾರೂ ಮನೆ ಕಟ್ಟುವುದಿಲ್ಲ. ಯಾಕೆ ಕಟ್ಟುವುದಿಲ್ಲ ಎಂದು ಕೇಳಿದೆ. ಹಿರಿಯರು ಕಟ್ಟಲಿಲ್ಲ, ನಾವೂ ಕಟ್ಟುವುದಿಲ್ಲ, ಅಷ್ಟೇ ಎಂದರು.

ಮರುದಿನ ಹೊಲಕ್ಕೆ ಹೋದರು. ಅಲ್ಲಿ ಹಳೆಯ ಕಾವಲು ಗುಡಿಸಲಿನ ಕಲ್ಲುಗಳಿವೆ. ಒಂದೂ ನೆಟ್ಟಗಿಲ್ಲ. ಅವುಗಳ ನಡುವೆ ಬಹಳ ಹೊತ್ತು ಕೂತಿದ್ದು ಬಂದು, ಚೀಲ ಎಲ್ಲಿ ಎಂದು ಕೇಳಿದರು. ಮುಂದಿನ ವಾರ ಹೊರಡುತ್ತಾರೆ.

ಇನ್ನೊಂದು ಮಾತು, ಅವರಿಗೆ ಹೇಳಬೇಡಿ. ಹೆದರಿದ್ದಾರೆ. ಈ ಸಲವೂ ಬಿರುಕು ಕಾಣದೇ ಹೋದರೆ ಏನು ಮಾಡಲಿ ಎಂದು ನನ್ನನ್ನು ಕೇಳಿದರು.

ಚಂದಮ್ಮ


ದೇಹೂ ರೋಡ್
೫ ಜುಲೈ ೧೯೮೧

ಪ್ರೀತಿಯ ಚಂದಮ್ಮನಿಗೆ,

ನಿನ್ನ ಅಪ್ಪ ಆರಾಮವಾಗಿದ್ದಾರೆ. ಮಳೆ ಹಿಡಿದರೂ ಊರಿಗೆ ಹೊರಡಲಿಲ್ಲವೆಂದು ನೀವೆಲ್ಲ ಗಾಬರಿಯಾಗಿರಬಹುದು. ಬಿರುಕು ಕೂಡುವುದನ್ನು ಕಣ್ಣಾರೆ ನೋಡಿಯೇ ಹೋಗುತ್ತೇನೆಂದು ಕೂತಿದ್ದಾರೆ. ಇಲ್ಲಿ ನಡೆದದ್ದನ್ನು ನಿನಗೆ ಬರೆ ಎಂದು ಅವರೇ ಹೇಳಿದರು.

ಬಂದ ದಿನ ಅವರು ಮುಂಬಾಗಿಲಿನಿಂದ ಒಳಗೆ ಬರಲಿಲ್ಲ. ಸುತ್ತು ಹಾಕಿ ಹಿತ್ತಲಿಗೆ ಹೋಗಿ, ಹೊರಗಿನಿಂದಲೇ ಗೋಡೆಯ ಸಂದಿಯಲ್ಲಿ ಕೈಯಿಟ್ಟರು. ಬೆರಳು ಒಳಗೆ ಹೋಯಿತು. ನಾನು ನೀರು ತಂದೆ.

"ಅಕ್ಕೋರೆ, ನೀವು ಸುಳ್ಳು ಬರದಿದ್ದಿಲ್ರಿ," ಎಂದರು.

"ನೀವೂ ಬರದಿದ್ದಿಲ್ರಿ," ಎಂದೆ.

ಮರುದಿನ ಮೂಲೆಯ ಪಕ್ಕ ಗುಂಡಿ ತೆಗೆಯತೊಡಗಿದರು. ಮೊದಲ ಪೆಟ್ಟಿಗೇ ಗುದ್ದಲಿ ಠಣ್ಣೆಂದು ಪುಟಿಯಿತು. ನಿನ್ನ ಅಪ್ಪ ನಿಲ್ಲಿಸಿ ನಮ್ಮ ಯಜಮಾನರ ಕಡೆ ನೋಡಿದರು. "ಇದೇ ಸಪ್ಪಳ ಕೇಳಿ ನಾವಿಬ್ರೂ ಗಟ್ಟಿ ನೆಲ ಅಂದಿದ್ವಿ ಸಾಹೇಬ್ರ." ಯಜಮಾನರು ತಲೆಯಾಡಿಸಿದರು. ಆಮೇಲೆ ಪ್ಯಾಂಟು ಮಡಚಿ ತಾವೂ ಗುಂಡಿಗೆ ಇಳಿದು ಬುಟ್ಟಿ ಹಿಡಿದರು. ಮದುವೆಯಾದಾಗಿನಿಂದ ಅವರ ಕೈಯಲ್ಲಿ ಮಣ್ಣಿನ ಬುಟ್ಟಿ ನಾನು ನೋಡಿರಲಿಲ್ಲ.

ಕಲ್ಲಿನಂಥದ್ದು ಕೆಳಗೆ ಹೋದ ಹಾಗೆ ಮೆತ್ತಗಾಯಿತು. ಎದೆಯ ಆಳದಲ್ಲಿ ಮಣ್ಣು ತಂಪಾಗಿ, ಹಿಟ್ಟಿನಂತೆ ಬೆರಳಿಗೆ ಅಂಟುತ್ತಿತ್ತು. ಅದರ ಕೆಳಗೆ ಹಳದಿ ಮುರುಮ, ನೀರಿಗೆ ಉಬ್ಬದ ಜಲ್ಲಿಯಂಥ ಗಟ್ಟಿ ನೆಲ, ಸಿಕ್ಕಿತು. ಬಿಸಿಲಿಗೆ ಕಲ್ಲಾಗಿದ್ದ ಮೇಲಿನ ಮಣ್ಣನ್ನು ನಾವು ಬಂಡೆ ಎಂದುಕೊಂಡು ಅದರ ಮೇಲೆಯೇ ಮನೆ ನಿಲ್ಲಿಸಿದ್ದೆವು. ಅಪ್ಪ ಒಂದು ಒಣ ಹೆಂಟೆಯನ್ನು ನೀರಿನ ಬಾನಿಯಲ್ಲಿ ಇಟ್ಟರು. ಬೆಳಿಗ್ಗೆ ಅದು ಉಬ್ಬಿ ಅಂಚು ಒಡೆದು ಹರಡಿತ್ತು. ಅತ್ತೆಯವರು ಬಂದು ಬಗ್ಗಿ ನೋಡಿದರು. ಭೋರ್‌ನವನ ಮಾತು ಮತ್ತೆ ಎತ್ತಲಿಲ್ಲ. ಗುಂಡಿಯ ಹತ್ತಿರವೇ ಅಪ್ಪನಿಗೆ ಚಹಾ ತರತೊಡಗಿದರು.

ಮೂಲೆಯ ಪಾಯವನ್ನು ತುಂಡು ತುಂಡಾಗಿ, ಗೋಡೆಗೆ ಆಸರೆ ಕೊಟ್ಟು, ಮುರುಮದವರೆಗೆ ಇಳಿಸಿದ್ದಾರೆ. ಪಕ್ಕದಲ್ಲಿ ಮರಳು ತುಂಬಿದ್ದಾರೆ. ಮಳೆಯ ನೀರು ಬುಡಕ್ಕೆ ಇಳಿಯದಂತೆ ಮನೆಯ ಸುತ್ತ ಹೊರಕ್ಕೆ ಇಳಿಜಾರಾಗಿ ಫರಸಿ ಹಾಸುತ್ತಿದ್ದಾರೆ. ಇದರಿಂದ ನಿಲ್ಲುತ್ತದೆಯೇ ಎಂದು ಕೇಳಿದೆ. ಗೊತ್ತಿಲ್ಲ ಎಂದರು. ಅಷ್ಟು ನೇರವಾಗಿ ಹೇಳಿದ್ದಕ್ಕೆ ನನಗೆ ಧೈರ್ಯವೇ ಬಂತು.

ಶಂಕ್ರೆಪ್ಪನವರು ಒಂದು ಸಂಜೆ ಬಂದು, ತಮ್ಮ ಮನೆಯನ್ನೂ ನೋಡಬೇಕು ಎಂದರು. ನಾನಾಗಿದ್ದರೆ ನಾಲ್ಕು ಮಾತು ಅನ್ನುತ್ತಿದ್ದೆ. ಅಪ್ಪ ಕೈ ಒರೆಸಿಕೊಂಡು, "ಈ ಗ್ವಾಡಿ ಒಂದ ಬ್ಯಾಸಗಿ ನೋಡ್ಲಿ. ಅಲ್ಲೀತನಾ ನಿಮ್ಮದಕ್ಕ ಕೈ ಹಚ್ಚಂಗಿಲ್ರಿ," ಎಂದರು. ಶಂಕ್ರೆಪ್ಪನವರು ಕಾಯುತ್ತೇನೆ ಎಂದು ಹೋದರು.

ಈಗ ಮಳೆ ಜೋರಾಗಿದೆ. ನಿನ್ನ ಅಪ್ಪ ಹಿಂದಿನ ಕೋಣೆಯಲ್ಲಿ ಗೋಡೆಯ ಪಕ್ಕವೇ ಹಾಸಿಗೆ ಹಾಕಿಕೊಂಡಿದ್ದಾರೆ. ದಿನಾ ಬೆಳಿಗ್ಗೆ ನನ್ನನ್ನು ಕರೆದು ತೋರಿಸುತ್ತಾರೆ, ನಾನು ನೋಡುತ್ತೇನೆ. ಇಬ್ಬರೂ ಒಟ್ಟಿಗೇ ನೋಡುತ್ತೇವೆ.

ನಿನ್ನ ಅಕ್ಕೋರು,
ಇಂದೂ


ಸೇಡಂ
೧೬ ನವೆಂಬರ್ ೧೯೮೧

ಇಂದೂ ಅಕ್ಕೋರಿಗೆ ಕಾಶಪ್ಪ ಮಾಡುವ ಶರಣಾರ್ಥಿಗಳು. ಬರೆದವಳು ಚಂದಮ್ಮ.

ಸುಖವಾಗಿ ಮುಟ್ಟಿದೆ. ಸಾವಿತ್ರಿಬಾಯಿಯವರು ಕಟ್ಟಿಕೊಟ್ಟ ಚಕ್ಕುಲಿ ಎಲ್ಲರಿಗೂ ಬಂತು. ಸಾಹೇಬರಿಗೆ ನಮಸ್ಕಾರ ಹೇಳಿರಿ. ಇಲ್ಲಿ ಹೊಲದ ದಂಡೆಗೆ ಒಬ್ಬರ ಕೊಟ್ಟಿಗೆ ಕಟ್ಟುವ ಕೆಲಸ ಬಂದಿದೆ. ಹಳೆಯ ಆಳುಗಳಲ್ಲಿ ಇಬ್ಬರು ತಿರುಗಿ ಬಂದಿದ್ದಾರೆ. ಎರೆ ಮುಗಿದು ಮುರುಮ ಸಿಗುವ ತನಕ ಪಾಯ ಇಳಿಸುತ್ತೇನೆ ಎಂದರೆ ಅವರು ನಗುತ್ತಾರೆ. ನಗಲಿ.

ಮಳೆಗಾಲ ಮುಗಿಯಿತು, ಗೋಡೆ ಕೂಡಿದೆ. ಅದು ಪ್ರತಿ ವರ್ಷ ಕೂಡುತ್ತಿತ್ತು, ಅದರಿಂದ ಏನೂ ತಿಳಿಯುವುದಿಲ್ಲ. ನಾವು ಮಾಡಿದ್ದು ಸರಿಯೋ ತಪ್ಪೋ ಎಂಬುದು ಮೇ ತಿಂಗಳಿಗೇ ತಿಳಿಯಬೇಕು. ಅಲ್ಲಿಯವರೆಗೆ ಗೋಡೆಯ ಸುದ್ದಿ ಬರೆಯಬೇಡಿ, ನಾನೂ ಕೇಳುವುದಿಲ್ಲ. ಶಾಲೆ, ಶಾಲೆಯ ಮಕ್ಕಳು, ಊಟ, ಆರೋಗ್ಯ, ಇವನ್ನೆಲ್ಲ ಬರೆಯಿರಿ.

ಇನ್ನು ಕೊನೆಯ ಮಾತನ್ನು ಶಾಲೆಯ ಕನ್ನಡಕ್ಕೆ ತಿರುಗಿಸದೆ, ತಾವು ಅಂದ ಹಾಗೆಯೇ ಬರೆಯಬೇಕೆಂದು ಅಪ್ಪ ಹೇಳಿದ್ದಾರೆ:

ಮೇದಾಗ ನೋಡಿ ಬರೀರಿ ಅಕ್ಕೋರೆ. ಬಿರುಕ ಬಿಟ್ಟದ ಅಂತ ಬರದ್ರ ಬಿಟ್ಟದ ಅಂತ ನಂಬತೀನಿ. ಬಿಟ್ಟಿಲ್ಲ ಅಂತ ಬರದ್ರ ಅದನ್ನೂ ನಂಬತೀನಿ. ಖರೇನೋ ಸುಳ್ಳೋ ಅಂತ ನೋಡ್ಲಿಕ್ಕೆ ಬರಂಗಿಲ್ಲ.